ತಲೆನೋವು ತಾನೆ?

2018ರ ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ನ್ಯೂಜೆರ್ಸಿಯಿಂದ ತಂಗಿಯ ಫೋನು ಬಂತು. "ಅಕ್ಕಾ, ಕಡೆಗೂ ನನ್ನ ತಲೆನೋವು ಕಾಯಿಲೆ ಅಂತ ಆಯ್ತು ಕಣೆ" ಎಂದು ನಕ್ಕಳು. ಆ ನಗುವಿನ ಹಿಂದೆ ಏನಿದೆಯೆಂದು ನಾನು ಕೇಳಿ ತಿಳಿಯುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ತೊಯ್ದಿತ್ತು.

ವಿಷಯ ಇಷ್ಟು. ಅವಳಿರುವ ರಾಜ್ಯದಲ್ಲಿ ಕೆಲವು ರೋಗಿಗಳಿಗೆ ಗಾಂಜಾವನ್ನು ಔಷಧಿಯಾಗಿ ಕೊಡುವ ಕಾನೂನು 2010ರಲ್ಲೇ ಬಂದಿತ್ತು. (ಗಾಂಜಾ ಎಂದೊಡನೆ ಪುಟ ತಿರುವಬೇಡಿ, ಸ್ವಲ್ಪ ತಾಳಿ.) ಆದರೆ ವೈದ್ಯರಿಗೆ ಸರಿಯೆನ್ನಿಸಿದರೆ ಸಾಲದು, ನಿಮ್ಮ ಕಾಯಿಲೆಯ ಹೆಸರು ಸರ್ಕಾರದ ಪಟ್ಟಿಯಲ್ಲಿರಬೇಕು. ಮೂರ್ಛೆರೋಗ, ಸ್ನಾಯುಗಳ ಸೆಟೆತ, ಗ್ಲಾಕೋಮ, ಕ್ಯಾನ್ಸರ್ ಮತ್ತು ಏಡ್ಸ್ ರೋಗಿಗಳ ನೋವು, ವಾಕರಿಕೆ ಇವೆಲ್ಲ ಅದರಲ್ಲಿದ್ದವು. ಮೈಗ್ರೇನ್, ಅಂದರೆ ನಮ್ಮ ಅರೆತಲೆನೋವು ಇರಲಿಲ್ಲ. ಎಂಟು ವರ್ಷ ಇರಲಿಲ್ಲ. ಹೊಸದಾಗಿ ಬಂದ ಗವರ್ನರ್ ಫಿಲ್ ಮರ್ಫಿ ಮಾರ್ಚ್ 27ರ ಮಂಗಳವಾರ ಅದನ್ನು ಸೇರಿಸಿದರು. ಸೋಮವಾರ ಕಾಯಿಲೆಯಲ್ಲದ್ದು ಮಂಗಳವಾರ ಕಾಯಿಲೆಯಾಯಿತು. ತಂಗಿಯ ತಲೆ ಮಾತ್ರ ಎರಡೂ ದಿನ ಒಂದೇ ಸಮನೆ ಸಿಡಿಯುತ್ತಿತ್ತು.

ನನಗೆ ಈ ನೋವು ಹೊಸದಲ್ಲ. ಸಾಗರದ ನಮ್ಮ ಮನೆಯಲ್ಲಿ ಅಮ್ಮನಿಗೆ ತಿಂಗಳಿಗೆ ಮೂರು ನಾಲ್ಕು ಸಲ ಅದು ಬರುತ್ತಿತ್ತು. ಶುಂಠಿ ತೇದು ಹಣೆಗೆ ಹಚ್ಚಿ, ಒದ್ದೆ ಬಟ್ಟೆ ಬಿಗಿದು, ಉಗ್ರಾಣದ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನಡುವೆ ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಂದು, ಸಾರಿಗೆ ಒಗ್ಗರಣೆ ಹಾಕಿ ಮತ್ತೆ ಮಲಗುತ್ತಿದ್ದಳು. ಅಪ್ಪ ಕೆಟ್ಟವರಲ್ಲ. "ತಲೆನೋವು ತಾನೆ? ಒಂದು ಲೋಟ ಬಿಸಿ ಕಾಫಿ ಕುಡಿ" ಎನ್ನುತ್ತಿದ್ದರು. ಆ ಕಾಫಿಯನ್ನೂ ಅವಳೇ ಎದ್ದು ಮಾಡಿಕೊಳ್ಳಬೇಕಿತ್ತು. ಅದೇ ಅಪ್ಪನಿಗೆ ಬೆನ್ನು ಹಿಡಿದರೆ ಮನೆಯಿಡೀ ಪಿಸುಮಾತಿನಲ್ಲಿ ಓಡಾಡುತ್ತಿತ್ತು. ಪಟ್ಟಿ ಎನ್ನುವುದು ಅಮೆರಿಕದಲ್ಲಿ ಮಾತ್ರ ಇರುವುದಲ್ಲ ನೋಡಿ.

ಸರ್ಕಾರದ ಪಟ್ಟಿಯನ್ನು ದೊಡ್ಡ ವಿಜ್ಞಾನಿಗಳು ಕುಳಿತು, ಅಳೆದು ತೂಗಿ ಮಾಡಿರುತ್ತಾರೆಂದು ನಾನೂ ನಂಬಿದ್ದೆ. ಓದುತ್ತಾ ಹೋದಂತೆ ಆ ಭ್ರಮೆ ಹರಿಯಿತು. ಗ್ಲಾಕೋಮವನ್ನೇ ತೆಗೆದುಕೊಳ್ಳಿ. ಗಾಂಜಾ ಸೇದಿದರೆ ಕಣ್ಣಿನ ಒತ್ತಡ ಇಳಿಯುವುದು ನಿಜ, ಆದರೆ ಮೂರು ನಾಲ್ಕು ಗಂಟೆ ಮಾತ್ರ. ಹಗಲೂ ರಾತ್ರಿ ಸೇದುತ್ತಲೇ ಇರಬೇಕಾದೀತು. ಅಮೆರಿಕದ ಕಣ್ಣಿನ ವೈದ್ಯರ ಸಂಘವೇ ಅದನ್ನು ಶಿಫಾರಸು ಮಾಡುವುದಿಲ್ಲ. ಆದರೂ ಗ್ಲಾಕೋಮ ಇಂಥ ಪಟ್ಟಿಗಳಲ್ಲಿ ಭದ್ರವಾಗಿ ಕೂತಿದೆ. ಏಕೆಂದರೆ 1976ರಲ್ಲಿ ರಾಬರ್ಟ್ ರ್‍ಯಾಂಡಲ್ ಎಂಬ ಗ್ಲಾಕೋಮ ರೋಗಿ ವಾಷಿಂಗ್ಟನ್ನಿನ ನ್ಯಾಯಾಲಯದಲ್ಲಿ ಹೋರಾಡಿ ಗೆದ್ದ. ಅವನನ್ನು ನಾನು ದೂರುವುದಿಲ್ಲ. ಕಣ್ಣು ಹೋಗುವ ಭಯದಲ್ಲಿದ್ದವನು. ಆದರೆ ಪಟ್ಟಿ ಬೆಳೆದದ್ದು ಹೀಗೆ. ಗಟ್ಟಿಯಾಗಿ ಕೇಳಿದವರ ಕಾಯಿಲೆ ಮೊದಲು ಸೇರಿತು.

ಹಾಗಾದರೆ ಹೆಂಗಸರು ಕೇಳಲಿಲ್ಲವೆ? ಕೇಳಿದರು, ಗಂಟಲು ಹರಿಯುವಂತೆ ಕೇಳಿದರು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮೇರಿ ರಾತ್‌ಬನ್ ಎಂಬ ಮುದುಕಿಯೊಬ್ಬಳಿದ್ದಳು. ಏಡ್ಸ್ ತಗುಲಿ, ಹೆತ್ತವರೇ ಹತ್ತಿರ ಸುಳಿಯದ ಹುಡುಗರಿಗೆ ಆಸ್ಪತ್ರೆಯಲ್ಲಿ ಸೇವೆ ಮಾಡುತ್ತಾ, ವಾಕರಿಕೆ ನಿಂತು ನಾಲ್ಕು ತುತ್ತು ಒಳಗೆ ಹೋಗಲೆಂದು ಗಾಂಜಾ ಬೆರೆಸಿದ ಬ್ರೌನಿ ಎಂಬ ಸಿಹಿ ತಿಂಡಿ ಬೇಯಿಸಿ ಹಂಚಿದಳು. ಪೊಲೀಸರು ಮೂರು ಸಲ ಹಿಡಿದರು. ಕೊನೆಯ ಸಲ, 1992ರಲ್ಲಿ, ಅವಳಿಗೆ ಎಪ್ಪತ್ತರ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಜನ ಮತ ಹಾಕಿ ಮೊದಲ ಕಾನೂನು ತಂದದ್ದರ ಹಿಂದೆ ಅವಳ ಬಾಣಲೆ ಬಟ್ಟಲುಗಳ ಪಾಲೂ ಇದೆ. ಕೊಲರಾಡೋದ ಪೇಜ್ ಫಿಗಿ ಎಂಬ ತಾಯಿ ಫಿಟ್ಸಿನಿಂದ ನರಳುತ್ತಿದ್ದ ತನ್ನ ಪುಟ್ಟ ಮಗಳಿಗೆ, ನಶೆ ಏರಿಸದ ಬಗೆಯ ಗಾಂಜಾ ಎಣ್ಣೆ ಕೊಟ್ಟ ಕಥೆ 2013ರಲ್ಲಿ ಟೀವಿಯಲ್ಲಿ ಬಂತು. ಎಷ್ಟೋ ತಾಯಂದಿರು ಮನೆಮಠ ಬಿಟ್ಟು ಆ ರಾಜ್ಯಕ್ಕೆ ಗಂಟುಮೂಟೆ ಕಟ್ಟಿದರು. 2018ರಲ್ಲಿ ಷಾರ್ಲಟ್ ಕಾಲ್ಡ್‌ವೆಲ್ ಎಂಬಾಕೆ ಮಗನಿಗೆಂದು ಕೆನಡಾದಿಂದ ತಂದ ಎಣ್ಣೆಯನ್ನು ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡಾಗ ಇಡೀ ಬ್ರಿಟನ್ನೇ ಎದ್ದು ಕೂತಿತು. ಅದೇ ನವೆಂಬರಿನಲ್ಲಿ ಅಲ್ಲಿನ ಕಾನೂನು ಬದಲಾಯಿತು.

ಇವರೆಲ್ಲ ಯಾರಿಗಾಗಿ ಕೂಗಿದರು ಗಮನಿಸಿದಿರಾ? ಮಗನಿಗಾಗಿ, ಮಗಳಿಗಾಗಿ, ಯಾರೋ ಹೆತ್ತ ಹುಡುಗರಿಗಾಗಿ. ಲೋಕ ಮೆಚ್ಚಿಕೊಂಡಿತು, ತಾಯಿ ಎಂದಿತು. ತನ್ನ ತಲೆ ಒಡೆಯುತ್ತಿದೆ ಎಂದು ಬೀದಿಗಿಳಿದ ಹೆಂಗಸು ಕಂಡರೆ ಅದೇ ಲೋಕ ಏನೆಂದೀತು, ನಿಮಗೂ ಗೊತ್ತು, ನನಗೂ ಗೊತ್ತು. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಅದು ಎಂಟು ವರ್ಷ ಹೊರಗೆ ಕಾಯಿತು. ಮುಟ್ಟಿನ ನೋವು ಇನ್ನೂ ಒಂದು ವರ್ಷ ಹೆಚ್ಚು ಕಾದು, 2019ರ ಹೊಸ ಕಾನೂನಿನಲ್ಲಿ ಒಳಗೆ ಬಂತು. ಕ್ಯಾಲಿಫೋರ್ನಿಯಾದ ಕಾನೂನು ಮೈಗ್ರೇನನ್ನು 1996ರಲ್ಲೇ ಹೆಸರಿಸಿತ್ತು. ಅಂದಮೇಲೆ ತಿಳಿಯದೆ ಬಿಟ್ಟದ್ದು ಎನ್ನುವ ಹಾಗಿಲ್ಲ.

"ಮೈಗ್ರೇನಿಗೆ ಗಾಂಜಾ ಕೆಲಸ ಮಾಡುತ್ತದೆಂದು ಪುರಾವೆ ಎಲ್ಲಿದೆ?" ಎಂದು ನಮ್ಮ ಬೀಗರ ಕಡೆಯ ಡಾಕ್ಟರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಅಮೆರಿಕದ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಕೊಟ್ಟ ದೊಡ್ಡ ವರದಿ ಗಟ್ಟಿ ಪುರಾವೆ ಇದೆಯೆಂದು ಒಪ್ಪಿದ್ದು ಕೆಲವಕ್ಕೆ ಮಾತ್ರ: ದೊಡ್ಡವರ ದೀರ್ಘಕಾಲದ ನೋವು, ಕೀಮೋ ತರುವ ವಾಕರಿಕೆ, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳು ಹೇಳುವ ಸೆಟೆತ. ಮೈಗ್ರೇನ್ ಅದರಲ್ಲಿಲ್ಲ, ಒಪ್ಪಿದೆ. ಗ್ಲಾಕೋಮವೂ ಇಲ್ಲವಲ್ಲ, ಡಾಕ್ಟರೇ? ಗರಗಸದ ಹಲ್ಲು ನಮ್ಮ ಕಡೆಗೆ ಮಾತ್ರ ಏಕೆ ತಿರುಗಬೇಕು?

ತಂಗಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವಳಿಗಿದ್ದದ್ದು ಗ್ರೀನ್ ಕಾರ್ಡು. ಪೌರತ್ವಕ್ಕೆ ಅರ್ಜಿ ಹಾಕುವವಳಿದ್ದಳು. ರಾಜ್ಯ ಔಷಧಿಯೆಂದದ್ದನ್ನು ಕೇಂದ್ರದ ಕಾನೂನು ಆಗ ಔಷಧಿಯೆಂದು ಒಪ್ಪುತ್ತಿರಲಿಲ್ಲ. 2019ರ ಏಪ್ರಿಲಿನಲ್ಲಿ ವಲಸೆ ಇಲಾಖೆ ಸ್ಪಷ್ಟವಾಗಿಯೇ ಹೇಳಿತು: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಸರಿ, ಗಾಂಜಾ ಮುಟ್ಟಿದವರಿಗೆ ಪೌರತ್ವಕ್ಕೆ ಬೇಕಾದ ಸನ್ನಡತೆ ಇಲ್ಲವೆಂದು ಎಣಿಸಬಹುದು. ಸನ್ನಡತೆ! ಎರಡು ಮಕ್ಕಳನ್ನು ಸಾಕಿ, ಲೈಬ್ರರಿಯಲ್ಲಿ ದುಡಿದು, ಸಂಕ್ರಾಂತಿಗೆ ಐವತ್ತು ಜನರಿಗೆ ಎಳ್ಳು ಬೀರಿದವಳ ಸನ್ನಡತೆ. ಅವಳ ಗಂಡ "ಇನ್ನೆರಡು ವರ್ಷ ತಡೆದುಕೋ" ಎಂದ. ತಡೆದುಕೊಂಡಳು. 2021ರಲ್ಲಿ ಪೌರತ್ವ ಬಂದ ಮೇಲೆ ರೋಗಿಯ ಚೀಟಿ ಮಾಡಿಸಿಕೊಂಡಳು. ಮರುವರ್ಷದ ಏಪ್ರಿಲಿನಿಂದ ಆ ರಾಜ್ಯದಲ್ಲಿ 21 ವರ್ಷ ದಾಟಿದ ಯಾರಾದರೂ ಮೋಜಿಗೇ ಅಂಗಡಿಯಲ್ಲಿ ಕೊಳ್ಳುವಂತಾಯಿತು. ಮೋಜಿಗೆ ಪಟ್ಟಿ ಬೇಕಾಗಲಿಲ್ಲ.

ಅದು ಅವಳಿಗೆ ಸಂಜೀವಿನಿಯೇನೂ ಆಗಲಿಲ್ಲ, ಸುಳ್ಳು ಹೇಳಲಾರೆ. ಮೊದಲು ಕೊಟ್ಟದ್ದು ತಲೆ ತಿರುಗಿಸಿತು. ಎರಡನೆಯದನ್ನು ರಾತ್ರಿ ಹೊತ್ತು ತೆಗೆದುಕೊಳ್ಳುತ್ತಾಳೆ, ಆಮೇಲೆ ಕಾರು ಮುಟ್ಟುವುದಿಲ್ಲ. ತಿಂಗಳಿಗೆ ಎಂಟು ದಿನ ಮಲಗುತ್ತಿದ್ದವಳು ಐದು ದಿನ ಮಲಗುತ್ತಾಳೆ. ಔಷಧಿಯ ಗುಣವೋ, ವಯಸ್ಸು ತಂದ ಬದಲಾವಣೆಯೋ, ಅವಳೂ ಹೇಳಲಾರಳು. ಹೇಳಲು ಅವಳಿಗೊಂದು ಅವಕಾಶ ಸಿಗಬೇಕಿತ್ತು, ಅಷ್ಟೆ.

"ಅಮ್ಮನಿಗೆ ಹೇಳಬೇಡ" ಎಂದಿದ್ದಳು. ನಮ್ಮೂರ ಮಠದ ಕಟ್ಟೆಯ ಮೇಲೆ ಸಾಧುಗಳು ಚಿಲುಮೆ ಎಳೆಯುತ್ತಿದ್ದಾಗ ಅದೇ ದಾರಿಯಲ್ಲಿ ಹೂವು ಹಿಡಿದು ಹೋಗಿ ಅವರಿಗೆ ಕೈಮುಗಿಯುತ್ತಿದ್ದವಳು ಅಮ್ಮ. ಮಗಳು ಅದನ್ನೇ ಮದ್ದಾಗಿ ತೆಗೆದುಕೊಂಡರೆ ಎದೆ ಒಡೆದುಕೊಂಡಾಳೆಂದು ತಂಗಿಗೆ ಭಯ. ನಾನು ಒಂದು ಮಧ್ಯಾಹ್ನ, ಅಮ್ಮ ಹೂ ಕಟ್ಟುತ್ತಿದ್ದಾಗ, ಎಲ್ಲವನ್ನೂ ಹೇಳಿಬಿಟ್ಟೆ. ಗಾಂಜಾ ಎಂದಾಗ ಅವಳು ತಲೆ ಕೂಡ ಎತ್ತಲಿಲ್ಲ. ಬಾಳೆನಾರನ್ನು ಬೆರಳಿಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

"ಅವಳಿಗೂ ನನ್ನ ಹಾಗೇ ವಾಂತಿ ಬರುತ್ತಾ?" ಎಂದು ಕೇಳಿದಳು. "ಇಷ್ಟು ವರ್ಷ ಒಂದು ಸಲವೂ ಹೇಳಲಿಲ್ಲವಲ್ಲೇ."