ಘಾಟಿಯ ರೈಲು ಮಾರ್ಗ ಮತ್ತು ವರ್ತಕರ ಲೆಕ್ಕ

ಬೆಂಗಳೂರು–ಹಾಸನ ನೇರ ರೈಲು ಮಾರ್ಗವು 2017ರ ಮಾರ್ಚ್‌ನಲ್ಲಿ ಪೂರ್ಣಗೊಂಡಿತು. ಅದುವರೆಗೆ ಅರಸೀಕೆರೆ ಅಥವಾ ಮೈಸೂರನ್ನು ಬಳಸಿ ಸಾಗಬೇಕಿದ್ದ ರೈಲುಗಳಿಗೆ ಸೋಲೂರು–ತಿಪ್ಪಸಂದ್ರ ಸೀಮೆ, ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೂ ಅಲ್ಲಿಂದ ಮಂಗಳೂರಿಗೂ ಹತ್ತಿರದ ದಾರಿ ದೊರೆಯಿತು. ಆದರೆ ಈ ಸೀಮೆಯ ಸರಕು ಬಂದರನ್ನು ಸಕಾಲದಲ್ಲಿ ಸೇರುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಸಕಲೇಶಪುರದ ಆಚೆಗಿನ ಘಾಟಿಯಲ್ಲಿ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಏಕಪಥದಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ದಾರಿಯಿದು. ಭಾರದ ಗಾಡಿಗಳಿಗೆ ಹೆಚ್ಚುವರಿ ಎಂಜಿನ್ ಬೇಕು. 1979ರಲ್ಲಿ ಮೀಟರ್ ಗೇಜ್ ಆಗಿ ಆರಂಭವಾದ ಈ ಮಾರ್ಗವನ್ನು ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಲಾಯಿತು. ಸರಕು ಸಂಚಾರ ಮರಳಿದ್ದು 2006ರಲ್ಲಿ, ಪ್ರಯಾಣಿಕರ ಸಂಚಾರ 2007ರಲ್ಲಿ. ಒಂದು ದಶಕದ ಕಾಲ ಕರಾವಳಿಯ ವ್ಯಾಪಾರವು ಲಾರಿಗಳನ್ನೇ ಅವಲಂಬಿಸಬೇಕಾಯಿತು. ಅಂದು ಬೇರೂರಿದ ರೂಢಿ ಇಂದಿಗೂ ಸುಲಭವಾಗಿ ಬದಲಾಗುತ್ತಿಲ್ಲ.

2018ರ ಆಗಸ್ಟ್ ಹಾಗೂ 2024ರ ಜುಲೈ ತಿಂಗಳ ಭೂಕುಸಿತಗಳಿಂದ ಸಂಚಾರ ಸ್ಥಗಿತಗೊಂಡದ್ದು ಮತ್ತೊಂದು ಎಚ್ಚರಿಕೆ. ಹತ್ತು ಲಕ್ಷ ರೂಪಾಯಿ ಮೌಲ್ಯದ ಸರಕು ಹತ್ತು ದಿನ ತಡವಾದರೆ, ವಾರ್ಷಿಕ ಶೇ. 12ರ ದರದಲ್ಲಿ ಬಡ್ಡಿಯೊಂದೇ ಸುಮಾರು 3,288 ರೂಪಾಯಿ. ಗೋದಾಮಿನ ಬಾಡಿಗೆ, ತಪ್ಪಿದ ಹಡಗು, ಕೈಬಿಟ್ಟ ಗಿರಾಕಿ ಇದರ ಮೇಲಿನ ಹೊರೆ. ಆದ್ದರಿಂದ ಟನ್ನಿನ ಸಾಗಣೆ ದರವನ್ನಷ್ಟೇ ಹೋಲಿಸಿ ರೈಲು ಅಗ್ಗವೆಂದೋ ಲಾರಿ ಮೇಲೆಂದೋ ತೀರ್ಮಾನಿಸುವುದು ಅಪೂರ್ಣ ಲೆಕ್ಕವಾಗುತ್ತದೆ.

ರೈಲಿನ ಸರಕು ಸಾಗಣೆಯು ಬಹುಮಟ್ಟಿಗೆ ಪೂರ್ಣ ರೇಕ್‌ಗಳ ವ್ಯವಹಾರ. ಒಂದೆರಡು ಲಾರಿ ಲೋಡಿನಷ್ಟು ಮಾಲು ತಯಾರಿಸುವ ಸಣ್ಣ ಉದ್ಯಮಿಗೆ ಅದು ಒಂಟಿಯಾಗಿ ಎಟುಕದು. ವಾಣಿಜ್ಯ ಮಂಡಲಿಗಳು ಮೊದಲು ಸದಸ್ಯರಿಂದ ಮಾಲಿನ ಬಗೆ, ತೂಕ, ತಿಂಗಳು, ತಲುಪಬೇಕಾದ ಸ್ಥಳಗಳ ವಿವರ ಸಂಗ್ರಹಿಸಬೇಕು. ಆ ಅಂಕಿಗಳನ್ನು ಮುಂದಿಟ್ಟು, ಸಣ್ಣ ಮಾಲನ್ನು ಒಗ್ಗೂಡಿಸುವ ಸರಕು ಕಟ್ಟೆಯನ್ನೂ, ಮಳೆಗಾಲಕ್ಕೆ ಮುನ್ನ ಘಾಟಿಯ ಇಳಿಜಾರುಗಳ ಭದ್ರತೆಯನ್ನೂ, ಸಂಚಾರ ನಿಂತಾಗ ತಕ್ಷಣದ ಸೂಚನೆಯನ್ನೂ ರೈಲ್ವೆಯಿಂದ ಕೇಳಬೇಕು. ಹೊಸ ರೈಲಿಗಾಗಿ ಮನವಿ ಸಲ್ಲಿಸುವುದು ಸುಲಭ. ಅದಕ್ಕೆ ತುಂಬುವಷ್ಟು ಸರಕು ಇದೆಯೆಂದು ಲೆಕ್ಕಸಮೇತ ತೋರಿಸಿದಾಗಲೇ ಮನವಿಗೆ ತೂಕ ಬರುತ್ತದೆ.