‘ಚೆಕ್ಡ್ ಅಂಡ್ ಫೌಂಡ್ ಓಕೆ’ ಎಂಬ ಮಹಾಸುಳ್ಳು

ಕವನ, ಚಾರಣ, ಸಿನಿಮಾ ಎಲ್ಲ ಪಕ್ಕಕ್ಕಿಟ್ಟು ಇವತ್ತು ನನ್ನ ಹೊಟ್ಟೆಪಾಡಿನ ವಿಷಯ ಬರೀತಿದ್ದೀನಿ. ಸ್ವಲ್ಪ ಕೊರೆತ ಅನ್ನಿಸಿದ್ರೆ ಕ್ಷಮಿಸಿ. ಸಿಟ್ಟು ಬಂದಿದೆ, ಎಲ್ಲಾದರೂ ಇಳಿಸಬೇಕಲ್ಲ?

ನಾನು ಇನ್‌ಸ್ಟ್ರುಮೆಂಟೇಶನ್‌ನವನು. ಕಾರ್ಖಾನೆಯಲ್ಲಿ ಒತ್ತಡ, ಉಷ್ಣತೆ, ಹರಿವು, ಮಟ್ಟ ಅಳೆಯೋ ಉಪಕರಣಗಳು, ಅವು ಹೇಳಿದ್ದನ್ನು ಕೇಳಿ ವಾಲ್ವ್ ತೆಗೆದು ಮುಚ್ಚೋ ಕಂಪ್ಯೂಟರು, ಇವುಗಳ ಸೇವೆಯೇ ನನ್ನ ಉದ್ಯೋಗ. ಏನೇ ತೊಂದರೆ ಆದರೂ ಮೊದಲ ಫೋನು ನಮಗೇ. "ನಿಮ್ಮ ಟ್ರಾನ್ಸ್‌ಮಿಟರ್ ಸುಳ್ಳು ಹೇಳ್ತಿದೆ ಕಣ್ರೀ, ಬದಲಾಯಿಸಿ." ನಾವೂ ಬದಲಾಯಿಸ್ತೀವಿ. ರಿಜಿಸ್ಟರಿನಲ್ಲಿ ಬರೀತೀವಿ: ‘ಚೆಕ್ಡ್ ಅಂಡ್ ಫೌಂಡ್ ಓಕೆ’. ಸಹಿ, ತಾರೀಕು, ಟೀ.

ಮೊನ್ನೆ ನಮ್ಮ ಸ್ಟೋರಿನ ಮೂಲೆಯಲ್ಲಿ ‘ಕೆಟ್ಟಿದೆ’ ಅಂತ ಚೀಟಿ ಅಂಟಿಸಿಕೊಂಡು ಬಿದ್ದಿದ್ದ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ಬೆಂಚಿಗೆ ತಂದು ಪರೀಕ್ಷೆ ಮಾಡಿದೆ. ಹೆಚ್ಚಿನವು ಸರಿಯಾಗೇ ಇದ್ದವು! ಸೊನ್ನೆ ಕೊಟ್ಟರೆ 4 ಮಿಲಿಆಂಪ್, ಪೂರ್ತಿ ಕೊಟ್ಟರೆ 20, ಅರ್ಧ ಕೊಟ್ಟರೆ ಕರಾರುವಾಕ್ಕಾಗಿ 12. ಹಾಗಾದರೆ ಕೆಟ್ಟಿದ್ದು ಯಾವುದು? ಅದು ಇನ್ನೂ ಅಲ್ಲೇ, ಪೈಪಿನಲ್ಲೋ ವಾಲ್ವಿನಲ್ಲೋ ಜಂಕ್ಷನ್ ಬಾಕ್ಸಿನಲ್ಲೋ ಹಾಯಾಗಿ ಕೂತಿದೆ. ನಿರಪರಾಧಿಯನ್ನು ಒಳಗೆ ಹಾಕಿ ಕಳ್ಳನನ್ನು ಕಾವಲಿಗೆ ಬಿಟ್ಟ ಹಾಗೆ.

ಇದನ್ನು ಹೇಳೋ ಯೋಗ್ಯತೆ ನನಗೆ ಬಂದಿದ್ದು ಪುಸ್ತಕದಿಂದ ಅಲ್ಲ. ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡ್ತೀನಿ.

ಆಗ ನಾನು ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯಲ್ಲಿದ್ದೆ. ಹೆಸರು ಬೇಡ. ಬಗಾಸ್ ಸುಟ್ಟು ಕರೆಂಟು ಮಾಡೋ ದೊಡ್ಡ ಬಾಯ್ಲರು, 67 ಕೆಜಿ ಒತ್ತಡ. ಸೀಸನ್ ಜೋರಾಗಿತ್ತು, ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಅಂಥ ಹೊತ್ತಲ್ಲಿ ಬಾಯ್ಲರು ನಿಂತರೆ ಮಿಲ್ಲು ನಿಲ್ತದೆ, ಮಿಲ್ಲು ನಿಂತರೆ ಎಲ್ಲರ ಬಾಯಿ ಶುರುವಾಗ್ತದೆ.

ಬಾಯ್ಲರಿನ ಮೇಲೆ ಡ್ರಮ್ ಅಂತ ಇರುತ್ತೆ. ಅದರಲ್ಲಿ ನೀರಿನ ಮಟ್ಟ ಕಾಯೋದೇ ಎಲ್ಲಕ್ಕಿಂತ ಮುಖ್ಯ. ಜಾಸ್ತಿಯಾದರೆ ನೀರು ಹಬೆಯ ಜೊತೆ ಟರ್ಬೈನಿಗೆ ನುಗ್ಗುತ್ತೆ. ಕಡಿಮೆಯಾದರೆ ಟ್ಯೂಬುಗಳು ಒಣಗಿ, ಕಾದು, ಸಿಡೀತವೆ. ಅಳೆಯೋ ಕ್ರಮ ಸರಳ. ಡ್ರಮ್ಮಿನ ಮೇಲ್ಭಾಗದಿಂದ ಒಂದು ಸಣ್ಣ ಪೈಪು ಇಳಿದು ಬರುತ್ತೆ. ಹಬೆ ತಣಿದು ಆದ ನೀರು ಅದರಲ್ಲಿ ಸದಾ ತುಂಬಿ ನಿಂತಿರಬೇಕು. ಇದಕ್ಕೆ ‘ವೆಟ್ ಲೆಗ್’ ಅಂತೀವಿ. ಕೆಳಭಾಗದಿಂದ ಇನ್ನೊಂದು ಪೈಪು. ಎರಡರ ನಡುವಿನ ಒತ್ತಡದ ವ್ಯತ್ಯಾಸವನ್ನು ಡಿಪಿ ಟ್ರಾನ್ಸ್‌ಮಿಟರ್ ಅಳೆಯುತ್ತೆ. ವ್ಯತ್ಯಾಸ ಕಡಿಮೆ ಇದ್ದಷ್ಟೂ ಡ್ರಮ್ಮಿನಲ್ಲಿ ನೀರು ಜಾಸ್ತಿ ಅಂತ ಲೆಕ್ಕ. ಇವೆರಡೂ ಪೈಪುಗಳ ಮಧ್ಯೆ, ಟ್ರಾನ್ಸ್‌ಮಿಟರ್ ಕೆಳಗಿನ ಮ್ಯಾನಿಫೋಲ್ಡಿನಲ್ಲಿ, ಒಂದು ಈಕ್ವಲೈಸಿಂಗ್ ವಾಲ್ವ್. ಕೆಲಸ ಮಾಡುವಾಗ ಅದು ಬಿಗಿಯಾಗಿ ಮುಚ್ಚಿರಬೇಕು.

ಒಂದು ರಾತ್ರಿ ಕಂಟ್ರೋಲ್ ರೂಮಿನ ಪರದೆ ಮೇಲೆ ಮಟ್ಟ ಹೆಚ್ಚು, ಡ್ರಮ್ಮಿನ ಗೇಜ್ ಗ್ಲಾಸಿನಲ್ಲಿ ಕಡಿಮೆ. ನಾನು ಓಡಿಹೋಗಿ ಟ್ರಾನ್ಸ್‌ಮಿಟರ್ ಬದಲಾಯಿಸಿದೆ. ಹೊಸದೂ ಅದೇ ಅಂಕಿ ತೋರಿಸ್ತು. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಎರಡು ಬೇರೆ ಬೇರೆ ಉಪಕರಣ ಒಂದೇ ಮಾತು ಹೇಳಿದರೆ ತಪ್ಪು ಉಪಕರಣದಲ್ಲಿಲ್ಲ, ಅಲ್ವಾ? ಬರಲಿಲ್ಲ. ಶಿಫ್ಟ್ ಎಂಜಿನಿಯರು "ಝೀರೋ ಸ್ವಲ್ಪ ತಿರುಗಿಸಿ ಗ್ಲಾಸಿಗೆ ಹೊಂದಿಸು ಮಾರಾಯ" ಅಂದರು. ಹೊಂದಿಸಿದೆ. ಎರಡೂ ಒಂದೇ ಆದವು. ರಿಜಿಸ್ಟರಿನಲ್ಲಿ ‘ಚೆಕ್ಡ್ ಅಂಡ್ ಫೌಂಡ್ ಓಕೆ’ ಅಂತ ಬರೆದು ಮನೆಗೆ ಹೋಗಿ ಮಲಗಿದೆ.

ಮರುದಿನ ರಾತ್ರಿ ಪರದೆ ಮೇಲೆ ಮಟ್ಟದ ಗೆರೆ ನೂಲು ಹಿಡಿದ ಹಾಗೆ 50ರಲ್ಲಿ ನಿಂತಿತ್ತು. ನಿಲ್ಲದೆ ಏನು? ಅಳತೆ ಮೇಲಕ್ಕೆ ಜಾರಿದಷ್ಟೂ ಕಂಟ್ರೋಲರ್ ನೀರಿನ ವಾಲ್ವನ್ನು ಮುಚ್ಚುತ್ತಾ, ಅಂಕಿಯನ್ನು 50ಕ್ಕೆ ಎಳೆದು ತರುತ್ತಿತ್ತು. ಅಂಕಿ ಚೆಂದ. ನಿಜವಾದ ನೀರು ಇಳೀತಾ ಇತ್ತು. ಹೊರಗೆ ಹೋಗೋ ಹಬೆಗಿಂತ ಒಳಗೆ ಬರೋ ನೀರು ಕಡಿಮೆ ಅಂತ ಪಕ್ಕದ ಟ್ರೆಂಡ್ ಕೂಗಿ ಹೇಳ್ತಿತ್ತು, ನೋಡಿದವರು ಯಾರೂ ಇಲ್ಲ. ನೀರು ತೀರಾ ಕಡಿಮೆಯಾದರೆ ಬಾಯ್ಲರನ್ನು ತಾನೇ ನಿಲ್ಲಿಸೋ ಟ್ರಿಪ್? ಅದು ಸುಮ್ಮಸುಮ್ಮನೆ ಬರ್ತದೆ ಅಂತ ಬೈಪಾಸ್ ಮಾಡಿ ವಾರಗಳೇ ಆಗಿದ್ದವು.

ಉಳಿಸಿದ್ದು ಒಬ್ಬ ಫೈರ್‌ಮನ್. ಮೇಲೆ ಹತ್ತಿ ಗ್ಲಾಸು ನೋಡಿದವನು ಕೆಳಗೆ ಬಂದು ಯಾರನ್ನೂ ಕೇಳದೆ ಬಗಾಸ್ ಫೀಡರುಗಳನ್ನು ನಿಲ್ಲಿಸಿಬಿಟ್ಟ. ಆಮೇಲೆ ಫೋನು ಮಾಡಿ ಹೇಳಿದ್ದು ಇಷ್ಟೇ: "ಸಾಹೇಬ್ರ, ಗ್ಲಾಸಿನ್ಯಾಗ ನೀರ ಕಾಣವಲ್ದು. ನಾ ಬೆಂಕಿ ನಿಲ್ಲಿಸೀನಿ." ಕಾದ ಟ್ಯೂಬಿಗೆ ಗಾಬರಿಯಿಂದ ನೀರು ಬಿಟ್ಟಿದ್ದರೆ ಏನಾಗ್ತಿತ್ತು ಅಂತ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ. ಆತ ಅದನ್ನೂ ಮಾಡಲಿಲ್ಲ.

ಬೆಳಿಗ್ಗೆ, ಪೈಪು ಆರೋದಕ್ಕೆ ಮುಂಚೆಯೇ, ನಾವೆಲ್ಲ ಕಾಕಾ ಅಂತ ಕರೀತಿದ್ದ ಹಿರಿಯ ಫಿಟ್ಟರು ವೆಟ್ ಲೆಗ್ ಪೈಪಿನ ಹತ್ತಿರ ಅಂಗೈ ಒಯ್ದು ನೋಡಿದರು. "ಇದರಾಗ ನೀರ ನಿಂತಿರಬೇಕಲ್ರಿ? ನಿಂತ ನೀರ ತಣ್ಣಗ ಆಗಬೇಕು. ಇದ್ಯಾಕ್ರಿ ಇಷ್ಟು ಸುಡಾಕತ್ತೈತಿ? ಒಳಗ ನೀರ ಹರದೈತಿ." ಮುಗೀತು. ಈಕ್ವಲೈಸಿಂಗ್ ವಾಲ್ವ್ ಸೋರುತ್ತಿತ್ತು. ನಿಂತಿರಬೇಕಾದ ನೀರು ಆ ಸೋರಿಕೆಯಿಂದ ಇನ್ನೊಂದು ಪೈಪಿಗೆ ಹರಿದುಹೋಗಿ, ವ್ಯತ್ಯಾಸ ಕಡಿಮೆಯಾಗಿ, ಮಟ್ಟ ಹೆಚ್ಚು ಅಂತ ತೋರಿಸುತ್ತಿತ್ತು. ಟ್ರಾನ್ಸ್‌ಮಿಟರ್ ಒಂದು ಕ್ಷಣವೂ ಸುಳ್ಳು ಹೇಳಿರಲಿಲ್ಲ. ತನ್ನ ಮುಂದಿದ್ದ ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳಿತ್ತು. ಸುಳ್ಳು ಹೇಳಿದ್ದು ನಾನು, ಅದೂ ಸಹಿ ಹಾಕಿ.

ಕತೆಯ ಕೊನೆ ಕೇಳಿ. ಅನುಮತಿ ಇಲ್ಲದೆ ಬಾಯ್ಲರು ನಿಲ್ಲಿಸಿದ್ದಕ್ಕೆ ಫೈರ್‌ಮನ್‌ಗೆ ಮೆಮೋ ಬಂತು. ನನಗೆ ಏನೂ ಬರಲಿಲ್ಲ. ಯಾಕಂದ್ರೆ ರಿಜಿಸ್ಟರಿನ ಪ್ರಕಾರ ನನ್ನದು ‘ಓಕೆ’. ನಾನು ಮ್ಯಾನೇಜರ ಹತ್ತಿರ ಬಾಯಿಮಾತಿನಲ್ಲಿ ನಿಜ ಹೇಳಿದೆ. ಬರೆದು ಕೊಡೋ ಧೈರ್ಯ ಆಗಲಿಲ್ಲ. ಮೆಮೋ ವಾಪಸ್ ಆಗಲೂ ಇಲ್ಲ.

ಇದು ನಮ್ಮ ಹಳ್ಳಿ ಕಡೆಯ ಕಾರ್ಖಾನೆಯ ಬೇಜವಾಬ್ದಾರಿ ಅಂತ ಮೂಗು ಮುರೀಬೇಡಿ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ರಿಫೈನರಿಯಲ್ಲಿ 170 ಅಡಿಯ ಒಂದು ಗೋಪುರ ತುಂಬಿ ಉಕ್ಕಿ ಸ್ಫೋಟ ಆಯ್ತು. 15 ಜನ ಸತ್ತರು, 180 ಜನ ಗಾಯಗೊಂಡರು. ಅಲ್ಲಿನ ಲೆವೆಲ್ ಟ್ರಾನ್ಸ್‌ಮಿಟರ್ ಅಳೆಯಬಲ್ಲದ್ದು ತಳದ ಕೆಲವೇ ಅಡಿಗಳನ್ನು, ಕ್ಯಾಲಿಬ್ರೇಶನ್ನೂ ಸರಿ ಇರಲಿಲ್ಲ. ದ್ರವ 158 ಅಡಿ ಏರಿದ್ದಾಗ ಅದು 8 ಅಡಿಯ ಆಸುಪಾಸಿನಲ್ಲಿ, ಅದೂ ಇಳಿಯುತ್ತಿದೆ ಅಂತ ತೋರಿಸ್ತಿತ್ತು. ಕಣ್ಣಿಂದ ನೋಡೋಣ ಅಂದ್ರೆ ಸೈಟ್ ಗ್ಲಾಸು ಕೊಳೆ ಹಿಡಿದಿತ್ತು. ಘಟಕ ಶುರು ಮಾಡೋ ಮುಂಚೆ ಅಲಾರಂಗಳನ್ನು ಪರೀಕ್ಷಿಸಲು ಹೊರಟಿದ್ದ ಟೆಕ್ನಿಷಿಯನ್ನರಿಗೆ ‘ಇನ್ನು ಟೈಮಿಲ್ಲ’ ಅಂತ ಹೇಳಲಾಯ್ತು. ಆದರೆ ಕಾಗದದ ಮೇಲೆ ಪರೀಕ್ಷೆ ಮುಗಿದಿದೆ ಅಂತ ಸಹಿ ಬಿತ್ತು. ಅಲ್ಲೂ ಓಕೆ!

ಅದೇ ವರ್ಷ ಡಿಸೆಂಬರ್ 11ಕ್ಕೆ ಇಂಗ್ಲೆಂಡಿನ ಬನ್ಸ್‌ಫೀಲ್ಡಿನಲ್ಲಿ ಪೆಟ್ರೋಲ್ ಟ್ಯಾಂಕು ಉಕ್ಕಿತು. ತುಂಬುತ್ತಲೇ ಇದ್ದ ಟ್ಯಾಂಕಿನ ಗೇಜು ಒಂದೇ ಅಂಕಿಗೆ ಅಂಟಿಕೊಂಡು ಕೂತಿತ್ತು. ಆಗಸ್ಟ್ ಕೊನೆಯಿಂದ ಆ ದಿನದವರೆಗೆ ಅದು 14 ಸಲ ಹೀಗೆ ಅಂಟಿಕೊಂಡಿತ್ತಂತೆ. ಪ್ರತಿ ಸಲವೂ ಗೇಜು ಸರಿಹೋಯ್ತು, ಕಾರಣ ಹಾಗೇ ಉಳಿಯಿತು. ಕೊನೆಯ ರಕ್ಷಣೆಯಾಗಿದ್ದ ಸ್ವಿಚ್ಚು ಕೆಲಸ ಮಾಡಬೇಕಾದರೆ ಅದರ ಸನ್ನೆಗೆ ಒಂದು ಬೀಗ ಹಾಕಿರಬೇಕಿತ್ತು. ಆ ಬೀಗ ಯಾಕೆ ಅಂತ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಹಾಕಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ 1979ರ ತ್ರೀ ಮೈಲ್ ಐಲೆಂಡ್. ಅಣು ಸ್ಥಾವರದ ಒಂದು ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಪ್ಯಾನೆಲ್ ಮೇಲಿನ ದೀಪ ಆರಿತ್ತು. ಆಪರೇಟರುಗಳು ವಾಲ್ವ್ ಮುಚ್ಚಿದೆ ಅಂದುಕೊಂಡರು. ಆದರೆ ದೀಪ ಹೇಳ್ತಿದ್ದದ್ದು ‘ಮುಚ್ಚು ಅಂತ ಆಜ್ಞೆ ಹೋಗಿದೆ’ ಅಂತ ಮಾತ್ರ, ‘ಮುಚ್ಚಿದೆ’ ಅಂತ ಅಲ್ಲ. ಮಗನಿಗೆ ‘ಓದ್ಕೋ’ ಅಂತ ಕೂಗಿದ್ದಕ್ಕೂ ಮಗ ಓದಿದ್ದಕ್ಕೂ ಇರೋ ವ್ಯತ್ಯಾಸ :)

ಹಾಗಾದರೆ ಏನು ಮಾಡಬೇಕು ಸ್ವಾಮೀ ಅಂತೀರಾ? ದೊಡ್ಡ ವಿದ್ಯೆ ಏನಲ್ಲ. ಸ್ಪ್ಯಾನರ್ ಕೈಗೆತ್ತಿಕೊಳ್ಳೋ ಮುಂಚೆ ಹತ್ತು ನಿಮಿಷ ಸುಮ್ಮನೆ ನೋಡಬೇಕು. ಏನು ಬದಲಾಯ್ತು, ಯಾವಾಗ, ಅದಕ್ಕೆ ಸ್ವಲ್ಪ ಮುಂಚೆ ಯಾರು ಎಲ್ಲಿ ಕೈ ಹಾಕಿದ್ದರು, ಪಕ್ಕದ ಅಳತೆಗಳು ಏನು ಹೇಳ್ತಿವೆ? ಮಳೆಗಾಲದಲ್ಲಿ ಮಾತ್ರ ರೀಡಿಂಗ್ ಮೇಲೇರ್ತಾ ಇದ್ರೆ ಜಂಕ್ಷನ್ ಬಾಕ್ಸ್ ತೆಗೆದು ನೋಡಿ. ತೇವದ ಮೂಲಕ ಸೋರಿದ ಕರೆಂಟು ಟ್ರಾನ್ಸ್‌ಮಿಟರಿನ ಕರೆಂಟಿಗೆ ಸೇರಿಕೊಂಡು ಹೆಚ್ಚು ತೋರಿಸ್ತಿರುತ್ತೆ. ಲೂಪು ಗಡಿಯಾರದ ಪೆಂಡುಲಮ್ಮಿನ ಹಾಗೆ ತೂಗ್ತಾ ಇದ್ರೆ ಟ್ಯೂನಿಂಗ್‌ಗೆ ಕೈ ಹಾಕೋ ಮುಂಚೆ, ಪ್ರೋಸೆಸ್ಸಿನವರನ್ನು ಕೇಳಿ, ಮ್ಯಾನುವಲ್‌ಗೆ ಹಾಕಿ. ತೂಗಾಟ ನಿಂತರೆ ರೋಗ ಈ ಲೂಪಿನಲ್ಲೇ ಇದೆ, ನಿಲ್ಲದಿದ್ದರೆ ಬೇರೆ ಕಡೆಯಿಂದ ಬರ್ತಿದೆ. ಇಲ್ಲೇ ಇದ್ದರೆ ವಾಲ್ವಿಗೆ ಒಂದೊಂದೇ ಪರ್ಸೆಂಟ್ ಕೊಟ್ಟು ಸ್ಟೆಮ್ ಅಲುಗಾಡ್ತದಾ ಅಂತ ಹೋಗಿ ನೋಡಿ. ಎಷ್ಟೋ ಸಲ ಪ್ಯಾಕಿಂಗ್ ಬಿಗಿಯಾಗಿ ವಾಲ್ವ್ ಹಿಡಿದುಕೊಂಡಿರುತ್ತೆ, ನಾವು ಕಂಟ್ರೋಲರಿನ ಗೇನ್ ಇಳಿಸಿ ಅದನ್ನೂ ಕುಂಟು ಮಾಡ್ತೀವಿ. ಇನ್ನು ಗೆರೆ ಪೂರ್ತಿ ನೆಟ್ಟಗಿದ್ದರಂತೂ ಎಲ್ಲಕ್ಕಿಂತ ಮೊದಲು ಅನುಮಾನ ಪಡಿ. ಬದುಕಿರೋ ಪ್ರೋಸೆಸ್ಸು ಸ್ವಲ್ಪವಾದರೂ ಅಲುಗಾಡುತ್ತೆ. ನೆಟ್ಟಗಿರೋದು ಹೆಣದ ಇಸಿಜಿ.

"ಇದಕ್ಕೆಲ್ಲ ಟೈಮೆಲ್ಲಿದೆ? ಗಂಟೆಗೆ ಲಕ್ಷ ಲಾಸು" ಅಂತ ಪ್ರೊಡಕ್ಷನ್‌ನವರು ಅಂತಾರೆ. ಒಂದೇ ದೂರಿಗೆ ಮೂರು ಸಲ ಹೋಗೋಕೆ ಟೈಮು ಇರುತ್ತೆ, ಒಂದು ಸಲ ಸರಿಯಾಗಿ ನೋಡೋಕೆ ಇರಲ್ಲ. ತಪ್ಪು ಅವರದು ಮಾತ್ರ ಅಲ್ಲ. ದೂರು ಎಷ್ಟು ಬೇಗ ‘ಕ್ಲೋಸ್’ ಆಯ್ತು ಅಂತ ಎಣಿಸ್ತಾರೆಯೇ ಹೊರತು, ಅದೇ ದೂರು ಎಷ್ಟು ಸಲ ಮತ್ತೆ ಹುಟ್ಟಿತು ಅಂತ ಯಾರೂ ಎಣಿಸಲ್ಲ. ಎಣಿಸಿದ್ದಕ್ಕೆ ತಕ್ಕ ಹಾಗೆ ಜನ ಕೆಲಸ ಮಾಡ್ತಾರೆ.

ಇನ್ನು ಕೆಲವರು, "ಈಗ ಎಲ್ಲ ಸ್ಮಾರ್ಟ್ ಟ್ರಾನ್ಸ್‌ಮಿಟರ್, ತನ್ನ ರೋಗ ತಾನೇ ಹೇಳಿಕೊಳ್ಳುತ್ತೆ, ಮುಂದೆ ಎಐ ಬಂದು ಎಲ್ಲ ನೋಡಿಕೊಳ್ಳುತ್ತೆ" ಅಂತಾರೆ. ನಾನು ವಿರೋಧಿ ಅಲ್ಲ. ತನ್ನೊಳಗೆ ದೋಷ ಕಂಡಾಗ ಕರೆಂಟನ್ನು 3.6ಕ್ಕೆ ಇಳಿಸಿಯೋ 21ಕ್ಕೆ ಏರಿಸಿಯೋ ಕೂಗಿಕೊಳ್ಳೋ ಟ್ರಾನ್ಸ್‌ಮಿಟರ್ ನಿಜಕ್ಕೂ ಒಳ್ಳೆಯದು. ಕಟ್ಟಿಕೊಂಡ ಪೈಪನ್ನು ಪತ್ತೆ ಮಾಡೋವೂ ಬಂದಿವೆ. ಆದರೆ ಅದು ಅನುಮಾನ ಹುಟ್ಟಿಸಬಹುದು ಅಷ್ಟೇ, ಎದ್ದುಹೋಗಿ ನೋಡೋ ಕೆಲಸ ನಮ್ಮದೇ. ಅದು ಕೊಟ್ಟ ಎಚ್ಚರಿಕೆಗೂ ನಾವು ‘ಓಕೆ’ ಒತ್ತಿ ಮುಂದೆ ಹೋದರೆ?

ಕೊನೆಯದಾಗಿ, ಕನ್ನಡದವರಾದ ನಿಮಗೆ ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ... ನಮ್ಮ ಫೈರ್‌ಮನ್ ಕಂಡದ್ದನ್ನು ತನ್ನ ಮಾತಿನಲ್ಲಿ ಎಷ್ಟು ಸ್ಪಷ್ಟವಾಗಿ ಹೇಳಿದ! ಕಾಕಾ ಎರಡು ಸಾಲಿನಲ್ಲಿ ಇಡೀ ರೋಗ ಬಿಡಿಸಿಟ್ಟರು. ಆದರೆ ರಿಜಿಸ್ಟರ್ ಇಂಗ್ಲಿಷಿನಲ್ಲಿ. ಐಟಿಐ ಮಾಡಿಕೊಂಡು ಬಂದ ಹುಡುಗನಿಗೆ ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯೋಕೆ ಬರಲ್ಲ, ಬರೆದು ತಪ್ಪಾದರೆ ನಗ್ತಾರೆ ಅನ್ನೋ ಅಳುಕು. ಬಾಯಿಪಾಠ ಬರೋದು ನಾಲ್ಕೇ ಪದ. ಅವನ ಕಣ್ಣು, ಕಿವಿ, ಅಂಗೈ ತಿಳಿದುಕೊಂಡ ಸತ್ಯವೆಲ್ಲ ಆ ನಾಲ್ಕು ಪದದ ಕೆಳಗೆ ಹೂತುಹೋಗುತ್ತೆ. ಮುಂದಿನ ಶಿಫ್ಟಿನವನಿಗೆ ಸಿಗೋದು ‘ಓಕೆ’ ಮಾತ್ರ. ನಾನು ಇಂಗ್ಲಿಷ್ ಬಲ್ಲವನು, ನನಗೆ ಆ ನೆಪವೂ ಇರಲಿಲ್ಲ.

ಈಗ ನನ್ನ ಹುಡುಗರಿಗೆ ಹೇಳಿಬಿಟ್ಟಿದ್ದೀನಿ. ಕನ್ನಡದಲ್ಲಿ ಬರೀರಿ, ಕಂಡದ್ದು ಬರೀರಿ, ಕಾಣದಿದ್ದರೆ ‘ಕಾರಣ ಸಿಗಲಿಲ್ಲ’ ಅಂತ ಬರೀರಿ. ಆ ಎರಡು ಪದಕ್ಕೆ ನನ್ನಿಂದ ಯಾರಿಗೂ ಬೈಗುಳ ಇಲ್ಲ. ‘ಓಕೆ’ ಅಂತ ಬರೆದರೆ ಮಾತ್ರ, ಏನು ನೋಡಿ ಓಕೆ ಅಂದೆ ಅಂತ ಕೇಳ್ತೀನಿ. ಮೊದಮೊದಲು ನಕ್ಕರು. ಮೊನ್ನೆ ಒಬ್ಬ ಹುಡುಗ ಬರೆದಿದ್ದ: ‘ರೀಡಿಂಗ್ ಸರಿ ಬಂತು, ಆದ್ರೆ ಯಾಕೆ ಸರಿ ಬಂತು ಗೊತ್ತಾಗಲಿಲ್ಲ, ನಾಳೆ ಮತ್ತೆ ನೋಡಬೇಕು.’ ಆ ಸಾಲು ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಆಸ್ಪತ್ರೆ, ಬ್ಯಾಂಕು, ಸಾಫ್ಟ್‌ವೇರು, ಶಾಲೆ... ನಿಮ್ಮ ನಿಮ್ಮ ಕೆಲಸದಲ್ಲೂ ಇಂಥದೊಂದು ‘ಓಕೆ’ ಇದ್ದೇ ಇರುತ್ತೆ. ನೀವು ಕೊನೆಯ ಸಲ ಅದನ್ನು ಬರೆದಿದ್ದು ಯಾವಾಗ? ಬೆಂಕಿ ನಿಲ್ಲಿಸಿದವನು ಯಾರು? ಕಾಮೆಂಟಿನಲ್ಲಿ ಬರೀರಿ. ಬೈಯೋದಿದ್ದರೂ ಬೈಯಿರಿ, ‘ಚೆನ್ನಾಗಿದೆ, ಓಕೆ’ ಅಂತ ಮಾತ್ರ ಬರೀಬೇಡಿ.