ಗುಜರಿಗೆ ಹಾಕುವ ಮುನ್ನ ಒಮ್ಮೆ ಪ್ಲಗ್ ಬಿಚ್ಚಿ ನೋಡಿ



ಈ ರಜೆಗೂ ನಮ್ಮಲ್ಲಿ ಹಲವರು ಊರಿಗೆ ಹೊರಟಿದ್ದೀರಿ. ಕೆಲವರ ಮನೆಯ ಶೆಡ್ಡಿನಲ್ಲಿ ಅಪ್ಪನೋ ಚಿಕ್ಕಪ್ಪನೋ ಓಡಿಸುತ್ತಿದ್ದ ಜಾವಾ ಅಥವಾ ಯೆಜ್ಡಿ ಧೂಳು ತಿನ್ನುತ್ತಾ ನಿಂತಿರುತ್ತದೆ. ಗೇರ್ ಲಿವರನ್ನೇ ತಿರುಗಿಸಿ ಒದೆಯುವ ಆ ಗಾಡಿ ಒಂದು ವರ್ಷ ನಿಂತ ಮೇಲೆ ಸುಲಭಕ್ಕೆ ಮಾತು ಕೇಳುವುದಿಲ್ಲ. ಸ್ಟಾರ್ಟ್ ಆದರೂ ಬೀದಿ ತುದಿಯಲ್ಲಿ ನಿಂತುಬಿಡುತ್ತದೆ. ಆಗ ಬರುವ ಸಲಹೆಗಳು ಎರಡೇ: ‘ಗುಜರಿಗೆ ಹಾಕು’, ಇಲ್ಲವೇ ‘ಹೊಸ ಕಾರ್ಬುರೇಟರ್ ಹಾಕಿಸು’. ನನ್ನ ಪ್ರಕಾರ ಎರಡೂ ಅವಸರದ ಸಲಹೆಗಳೇ.

ಯಾಕೆ ಅಂತೀರಾ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು, ನಿಜ. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನ ಬೇರೆಯೇ ಗಾಡಿಗಳು. ಅವುಗಳ ಎಂಜಿನ್ ಭಾಗಗಳು ನಮ್ಮ ಹಳೆಯ ಟೂ ಸ್ಟ್ರೋಕಿಗೆ ಹೊಂದುವುದಿಲ್ಲ. ಅಂದಮೇಲೆ, ಇವತ್ತು ಕಸಕ್ಕೆ ಎಸೆದ ಮೂಲ ಕಾರ್ಬುರೇಟರ್ ನಾಳೆ ಕಾರ್ಖಾನೆಯಿಂದ ಬರುವುದಿಲ್ಲ!

ಇಲ್ಲಿ ನಮ್ಮ ಕಾರು ಕೆಟ್ಟರೆ ಗ್ಯಾರೇಜಿನವರು ಕಂಪ್ಯೂಟರ್ ಸಿಕ್ಕಿಸಿ ಕೋಡ್ ಓದುತ್ತಾರೆ. ಯೆಜ್ಡಿಗೆ ಆ ಸೌಕರ್ಯವಿಲ್ಲ. ಅದರ ಕೋಡ್ ಅಂದರೆ ಶಬ್ದ, ಹೊಗೆ ಮತ್ತು ಪ್ಲಗ್ಗಿನ ಬಣ್ಣ. ಓದಲು ಕಲಿತರೆ ಬಹಳ ಸ್ಪಷ್ಟವಾಗಿಯೇ ಹೇಳುತ್ತದೆ.

ಮೊದಲು ಪ್ಲಗ್ ಬಿಚ್ಚಿ. ಇಟ್ಟಿಗೆ-ಕಂದು ಬಣ್ಣವಿದ್ದರೆ ಕ್ಷೇಮ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಸೋತಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಚೋಕ್ ಎಳೆದರೆ ಮಾತ್ರ ಓಡಿ, ಐಡ್ಲಿಂಗಿನಲ್ಲಿ ಸಾಯುತ್ತದೆಯೇ? ನಿಂತ ಪೆಟ್ರೋಲ್ ಆರಿ, ಅಂಟು ಉಳಿದು, ಕಾರ್ಬುರೇಟರಿನ ಪೈಲಟ್ ಜೆಟ್ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಬೇಕಾದದ್ದು ತೊಳೆಯುವುದು, ಬದಲಿಸುವುದಲ್ಲ. ಆಕ್ಸಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ರೇಸ್ ಆಗುತ್ತಿದೆಯೇ? ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ. ಕಾರ್ಬುರೇಟರ್ ಕೂರುವ ಜಾಗದ ಗ್ಯಾಸ್ಕೆಟ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲ್ ನೋಡಿ. ಹಾಗೆಯೇ ಓಡಿಸಿದರೆ ಪಿಸ್ಟನ್ ಸೀಜ್ ಆದೀತು. ಬಿಳಿ ಹೊಗೆ ನಿಲ್ಲದೆ, ಗೇರ್ ಬಾಕ್ಸಿನ ಆಯಿಲ್ ದಿನೇದಿನೇ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಸೀಲ್ ಹೋಗಿದೆ ಎಂದರ್ಥ.

ಮೈಸೂರಿನಲ್ಲಿರುವ ನಮ್ಮ ತಂದೆಯವರ ಯೆಜ್ಡಿ ಕಳೆದ ಬಾರಿ ಸರಿಯಾಗಿ ಹತ್ತು ನಿಮಿಷ ಓಡಿ ನಿಂತುಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಕಾಯಿಲ್, ಕಂಡೆನ್ಸರ್, ಕಾರ್ಬುರೇಟರ್ ಮೂರೂ ಬದಲಿಸಬೇಕೆಂದರು. ಬಿಸಿಯಾದಾಗ ಕಾಯಿಲ್ ಅಥವಾ ಕಂಡೆನ್ಸರ್ ಸೋಲುವುದುಂಟು, ಆದರೆ ಅದೊಂದೇ ಕಾರಣವಲ್ಲ. ಮುಂದಿನ ಸಲ ನಿಂತಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದೆ. ‘ಸುಯ್’ ಎಂದು ಗಾಳಿ ಒಳಗೆ ಹೋಯಿತು. ಒಂದು ನಿಮಿಷದಲ್ಲಿ ಗಾಡಿ ಸ್ಟಾರ್ಟ್! ಮುಚ್ಚಳದ ಗಾಳಿಕಿಂಡಿ ಕೊಳೆಯಿಂದ ಮುಚ್ಚಿಕೊಂಡಿತ್ತು, ಟ್ಯಾಂಕಿನಿಂದ ಪೆಟ್ರೋಲ್ ಇಳಿಯುತ್ತಿರಲಿಲ್ಲ. ಖರ್ಚಾದದ್ದು ಒಂದು ಗುಂಡುಸೂಜಿ.

‘ಇರುವುದೇ ಮೂರು ವಾರ ರಜೆ, ನಾವೇಕೆ ಕೈ ಮಸಿ ಮಾಡಿಕೊಳ್ಳಬೇಕು?’ ಎಂದು ನೀವು ಕೇಳಬಹುದು. ಮಾಡಿಕೊಳ್ಳಲೇಬೇಕೆಂದಿಲ್ಲ. ಟೂ ಸ್ಟ್ರೋಕ್ ಬಲ್ಲ ಹಳೆಯ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ, ಅವರ ಕೈಗುಣ ನಮಗಿಲ್ಲ. ಆದರೆ ಅವರ ಬಳಿ ‘ಕಾರ್ಬುರೇಟರ್ ಬದಲಿಸಿ’ ಎನ್ನಬೇಡಿ. ‘ತಣ್ಣಗಿದ್ದಾಗ ಓಡುತ್ತದೆ, ಬಿಸಿಯಾದರೆ ನಿಲ್ಲುತ್ತದೆ’ ಎಂದು ಲಕ್ಷಣ ಹೇಳಿ. ಡಾಕ್ಟರ ಬಳಿ ಹೋಗಿ ನಾವೇ ಔಷಧಿಯ ಹೆಸರು ಹೇಳುತ್ತೇವೆಯೇ?

ಆಫೀಸಿನಲ್ಲಿ ನಾವು ಪಾಲಿಸುವ ನಿಯಮವೇ ಇಲ್ಲಿಗೂ ಸಾಕು: ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿ ಗಾಡಿ ಓಡಿದರೆ ಯಾವುದರಿಂದ ಓಡಿತೆಂದು ಯಾರಿಗೂ ಗೊತ್ತಾಗದು. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಮನೆಗೆ ತನ್ನಿ. ಹೊರಡುವ ಮುಂಚೆ ಪೆಟ್ರೋಲ್ ನಲ್ಲಿ ಮುಚ್ಚಿ ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿ. ಈಗ ಭಾರತದ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರಿಗೂ ಒಳ್ಳೆಯದಲ್ಲ.

ಇನ್ನೊಂದು ಮಾತು. ಬಿಚ್ಚುವಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೈಸೂರಿನಲ್ಲೇ ತಯಾರಾದ, ತಾತ ಓಡಿಸಿದ ಎಂಜಿನ್ ಹೇಗೆ ಉಸಿರಾಡುತ್ತದೆಂದು ಕಣ್ಣಾರೆ ನೋಡುವ ಅವಕಾಶ ಅವರಿಗೆ ಇನ್ನೆಲ್ಲಿ ಸಿಗುತ್ತದೆ? ಕಬ್ಬಿಣದ ಬೆಲೆಗೆ ಕೊಡುವ ಮುನ್ನ ಒಂದು ಬೆಳಗ್ಗೆ ಅದಕ್ಕೆ ಕೊಟ್ಟು ನೋಡಿ.

ಏನಂತೀರಿ?